ಚಾರ್ಜ್ ಆಗದ ಬ್ಯಾಟರಿಗಳು

ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ. ಯಾರಾದರೂ ದೆವ್ವ ಕಂಡೆ ಅಂದರೆ, ಮೊದಲು ಮನೆಯ ವೈರಿಂಗ್ ತೋರಿಸಿ ಅಂತ ಚೇಷ್ಟೆ ಮಾಡುತ್ತಿದ್ದೆ. ಧನಕವಡಿಯಲ್ಲಿ ನನ್ನದು ಕಾರಿನ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಬೇರೇನೂ ತಿಳಿಯದಿದ್ದರೂ ಕರೆಂಟಿನ ವಿಷಯ ನನಗೆ ಗೊತ್ತು ಅಂದುಕೊಂಡಿದ್ದೆ. ಕೆಲವು ವರ್ಷಗಳ ಹಿಂದಿನ ಆ ಸಂಜೆಯನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಹೆಂಡತಿ ಸುಜಾತಾಳ ಶ್ವಾಸಕೋಶ ಕೆಟ್ಟು, ಆಕ್ಸಿಜನ್ ಮಷಿನ್ ಇಲ್ಲದೆ ಅವಳಿಗೆ ಉಸಿರಾಡಲು ಆಗುತ್ತಿರಲಿಲ್ಲ. ಆ ಮಧ್ಯಾಹ್ನ ಬಿರುಗಾಳಿ ಬೀಸಿ ಇಡೀ ಭಾಗದ ಕರೆಂಟು ಹೋಯಿತು. ಸಂಜೆಯಾಗುತ್ತಲೇ ಮನೆಯ ಇನ್ವರ್ಟರ್ ಸೋಲತೊಡಗಿತು. ಆಂಬ್ಯುಲೆನ್ಸಿಗೆ ಫೋನ್ ಮಾಡಿದರೆ “ಝಾಡ ಪಡಲಯ್, ರಸ್ತಾ ಬಂದ್ ಆಹೆ” ಅಂತ ಮರಾಠಿಯಲ್ಲಿ ಅಂದರು. ರಸ್ತೆಗೆ ಅಡ್ಡ ಬಿದ್ದ ಮರ ಎತ್ತುವ ತನಕ ಅವರು ಬರುವಂತಿರಲಿಲ್ಲ. ಪಕ್ಕದ ಮನೆಯವರನ್ನು ಅವಳ ಹತ್ತಿರ ಕೂರಿಸಿ ಅಂಗಡಿಗೆ ಓಡಿದೆ. ಬೆಳಿಗ್ಗೆಯೇ ಗಿರಾಕಿಗಳ ನಾಲ್ಕು ಬ್ಯಾಟರಿಗಳನ್ನು ಸರಪಳಿಯ ಹಾಗೆ ಒಂದಕ್ಕೊಂದು ಜೋಡಿಸಿ ಒಂದೇ ಚಾರ್ಜರಿಗೆ ಹಚ್ಚಿದ್ದೆ.

ಹಾಗೆ ಜೋಡಿಸಿದಾಗ ಒಂದು ಸತ್ತರೆ ಸಾಕು, ಉಳಿದ ಯಾವುದಕ್ಕೂ ಕರೆಂಟು ತಲುಪುವುದಿಲ್ಲ. ಅದೇ ಆಗಿತ್ತು. ಒಂದು ಒಳಗೇ ಕಡಿದುಹೋಗಿತ್ತು. ಮೀಟರ್ ಹಚ್ಚಿದರೆ ಉಳಿದ ಮೂರೂ, ಬಂದಾಗ ಎಷ್ಟು ಖಾಲಿಯಿದ್ದವೋ ಅಷ್ಟೇ ಖಾಲಿ. ಅಂಗಡಿಯ ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಆಮೇಲೆ, ಬೇರೆ ದಾರಿ ಕಾಣದೆ, ಆ ಮೂರನ್ನೇ ಕೈಗಾಡಿಯಲ್ಲಿ ತಳ್ಳಿಕೊಂಡು ಮನೆಗೆ ತಂದೆ.

ಸುಜಾತಾಳ ತುಟಿ ನೀಲಿಗಟ್ಟಿತ್ತು. “ಚಾರ್ಜ್ ಆಗ್ಯಾವೇನ್ರಿ?” ಅಂದಳು.

“ಭರ್ತಿ ಆಗ್ಯಾವ” ಅಂದೆ.

“ನಿಮಗ ಸುಳ್ಳ ಹೇಳಾಕ ಬರೂದಿಲ್ಲ ಬಿಡ್ರಿ. ಮಷಿನ್ ಬಂದ್ ಆದ್ರ ಮತ್ತ ಓಡಿ ಹೋಗಬ್ಯಾಡ್ರಿ. ಇಲ್ಲೇ ಕೂಡ್ರಿ.”

ಇನ್ವರ್ಟರಿಗೆ ತಂತಿ ಹಚ್ಚಿದೆ. ಮಷಿನ್ ಶುರುವಾಯಿತು. ಈಗ ನಿಲ್ಲುತ್ತದೆ, ಇನ್ನೇನು ನಿಂತೇಬಿಡುತ್ತದೆ ಅಂತ ಅವಳ ಕೈ ಹಿಡಿದು ಕೂತೆ. ನಿಲ್ಲಲಿಲ್ಲ. ಇನ್ವರ್ಟರ್ ಒಮ್ಮೆಯೂ ಕಿರುಚಲಿಲ್ಲ. ಕತ್ತಲಾಗಿ ಕರೆಂಟು ಬರುವ ತನಕ ಓಡಿತು. ಆಮೇಲೆ ಮೀಟರ್ ಹಚ್ಚಿದರೆ, ಮೂರೂ ಬ್ಯಾಟರಿಗಳು ಅಂಗಡಿಯಲ್ಲಿ ತೋರಿಸಿದ್ದಷ್ಟೇ ತೋರಿಸಿದವು. ಮೀಟರೇ ಕೆಟ್ಟಿರಬೇಕೆಂದು ಮರುದಿನ ಬೇರೆ ಮೀಟರ್ ತಂದೆ. ಅದೂ ಅದನ್ನೇ ಹೇಳಿತು.

ಸುಜಾತಾ ಮುಂದಿನ ವರ್ಷ ತೀರಿಕೊಂಡಳು. ಅವತ್ತು ಕರೆಂಟು ಇತ್ತು, ಮಷಿನ್ ಓಡುತ್ತಿತ್ತು, ನಾನು ತಂದಿಟ್ಟಿದ್ದ ಹೊಸ ಬ್ಯಾಟರಿಗಳೆಲ್ಲ ತುಂಬಿದ್ದವು. ಹಿಂದೆ ಒಮ್ಮೆ ಅವಳನ್ನು ಉಳಿಸಿದ್ದು ಯಾವುದೋ, ಅದರ ಕಾಲು ಹಿಡಿದು ಬೇಡಲು ನಾನು ಸಿದ್ಧನಿದ್ದೆ. ಯಾರ ಕಾಲು ಹಿಡಿಯಬೇಕೆಂದೇ ಗೊತ್ತಾಗಲಿಲ್ಲ.