ಬಸ್ ನಿಲ್ದಾಣದ ಮೈಕು ಹಾಡಿದ ಹಾಡು

ಅವನಿಗೂ ಒಂದು ಹೆಸರಿತ್ತು, ಆದರೆ ಅದು ಸಂಬಳದ ಚೀಟಿಯಲ್ಲಿ ಮಾತ್ರ. ನಿಲ್ದಾಣದಲ್ಲಿ ಎಲ್ಲರಿಗೂ ಅವನು ಮೈಕು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಯಾವ ಕಂಬದ ಹತ್ತಿರ ಅಳುತ್ತಿದೆ, ಎಲ್ಲವನ್ನೂ ಮೈಕಿನಲ್ಲಿ ಹೇಳುವುದು ಅವನ ಕೆಲಸ. ನಾನು ಪಕ್ಕದ ವಿಚಾರಣೆ ಕೌಂಟರಿನವಳು. ಅವನು ಆಗಷ್ಟೇ ಹೇಳಿ ಮುಗಿಸಿದ್ದನ್ನೇ ಜನ ಬಂದು ನನ್ನನ್ನು ಕೇಳುತ್ತಾರೆ. ನನಗೆ ಸಿಡುಕು ಜಾಸ್ತಿ ಎನ್ನುವವರು ಒಂದು ದಿನ ಬಂದು ನನ್ನ ಕುರ್ಚಿಯಲ್ಲಿ ಕುಳಿತು ನೋಡಲಿ.

ನಮ್ಮಿಬ್ಬರ ನಡುವೆ ಒಂದು ಗಾಜು, ಗಾಜಿನಲ್ಲಿ ಒಂದು ಕಿಂಡಿ. ಅವನ ಮುಖ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಧ್ವನಿ ಗೊತ್ತಿಲ್ಲದವರಿಲ್ಲ. ಅಂಗಡಿಯಲ್ಲಿ ಒಂದು ಸೋಪು ಕೇಳಿದರೂ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಆ ಪುಣ್ಯಾತ್ಮ, ಹೆಸರು ಹಾಕದೆ, ಮುಖ ತೋರಿಸದೆ ಹಾಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಒಂದು ಹಾಡು ಹಾಡಿಬಿಟ್ಟ.

ಹಾಡಿನ ವಿಷಯಕ್ಕೆ ಬರುವ ಮೊದಲು ಅವನ ಅಪ್ಪನ ಬಗ್ಗೆ ಹೇಳಬೇಕು. ಅವರನ್ನು ನಾವೆಲ್ಲ ದೊಡ್ಡ ಡ್ರೈವರು ಎಂದು ಕರೆಯುತ್ತಿದ್ದೆವು. ಜೀವಮಾನವೆಲ್ಲ ಇಂಜಿನ್ನಿನ ಪಕ್ಕದಲ್ಲೇ ಕುಳಿತು ಕಿವಿ ಕಳೆದುಕೊಂಡವರು. ಧ್ವನಿ ಕೇಳಿಸುತ್ತಿತ್ತು, ಎದುರು ನಿಂತು ಕೂಗದಿದ್ದರೆ ಅದರೊಳಗಿನ ಮಾತು ತಿಳಿಯುತ್ತಿರಲಿಲ್ಲ. ಮಗ ಕಿವಿಗೆ ಮಷೀನು ಕೊಡಿಸಿದ. ಅದನ್ನು ಹಾಕಿಕೊಂಡರೆ ತಲೆಯೊಳಗೆ ಯಾರೋ ಬ್ರೇಕ್ ಒತ್ತಿದ ಹಾಗಾಗುತ್ತದೆ ಎಂದು ಅದೇ ವಾರ ಕಿತ್ತಿಟ್ಟರು. ಹೆಂಡತಿ ತೀರಿಹೋಗಿದ್ದರು. ಮನೆಯಲ್ಲಿ ಒಬ್ಬರೇ ಇರಲಾಗದೆ ದಿನವೂ ನಿಲ್ದಾಣಕ್ಕೆ ಬಂದು, ದೊಡ್ಡ ಸ್ಪೀಕರಿನ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದರು. ಮಗನ ಧ್ವನಿ ಬಂದ ಕೂಡಲೇ ಪಕ್ಕದಲ್ಲಿದ್ದವರ ತೊಡೆ ತಟ್ಟಿ, ಕಿವಿ ಕೇಳದವರ ದೊಡ್ಡ ದನಿಯಲ್ಲಿ, "ಅದು ನನ್ನ ಮಗ!" ಎನ್ನುತ್ತಿದ್ದರು. ಬಸ್ಸು ತಪ್ಪಿಸಿಕೊಂಡು ಹಣೆ ಚಚ್ಚಿಕೊಳ್ಳುತ್ತಿದ್ದವರಿಗೂ ಅದನ್ನೇ ಹೇಳುತ್ತಿದ್ದರು. ಅದೊಂದೇ ಅವರಿಗೆ ಉಳಿದಿದ್ದ ಸಂತೋಷ.

ಒಮ್ಮೆ ನಿಲ್ದಾಣದ ಆಂಪ್ಲಿಫೈಯರ್ ಕೆಟ್ಟು, ರಿಪೇರಿಗೆಂದು ಒಬ್ಬ ಸಣಕಲು ಮನುಷ್ಯ ಬಂದ. ರಿಪೇರಿ ಒಂದು ಗಂಟೆಯ ಕೆಲಸ, ಅವನು ಹೋಗಿದ್ದು ಸಂಜೆಗೆ. ಮರುವಾರ ಯಾರೂ ಕರೆಯದೆಯೇ ಬಂದು, "ಸರಿಯಾಗಿದೆಯಾ ನೋಡೋಣ ಅಂತ ಬಂದೆ" ಎಂದ. ಸರಿಯಾಗಿಯೇ ಇತ್ತು. ನನಗೆ ಕಣ್ಣಿದೆ, ಗಾಜಿನ ಆಚೆ ಮೈಕು ನಗುವುದನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಕೊನೆಗೆ ಅವನೇ ಕಿಂಡಿಗೆ ಬಾಯಿಟ್ಟು ಹೇಳಿದ. "ಅಕ್ಕ, ನಾನು ಅವನನ್ನ ಪ್ರೀತಿಸ್ತಿದೀನಿ. ಮೊದಲಿಂದಲೂ ನಾನು ಹೀಗೇ. ಅಪ್ಪನಿಗೆ ಗೊತ್ತಿಲ್ಲ."

"ಹೇಳಿಬಿಡೋ ಮತ್ತೆ."

"ಹೇಗೆ ಹೇಳಲಿ? ನಮ್ಮ ಮನೆ ಗೋಡೆ ಎಷ್ಟು ತೆಳು ನೋಡಿದೀರಲ್ಲ. ಅಪ್ಪನಿಗೆ ಊಟಕ್ಕೆ ಬನ್ನಿ ಅಂದ್ರೆ ಪಕ್ಕದ ಮನೆಯವರು ಕೈ ತೊಳ್ಕೋತಾರೆ."

ನನಗೆ ನಗು ಬಂತು, ಅವನಿಗೆ ಬರಲಿಲ್ಲ. ಬರೆದು ತೋರಿಸು ಎಂದೆ. ಕನ್ನಡಕ ಹುಡುಕುವ ಸೋಮಾರಿತನಕ್ಕೆ ಅಪ್ಪ ಯಾವ ಕಾಗದವನ್ನಾದರೂ ಎದುರುಮನೆಯವರ ಕೈಗೆ ಕೊಟ್ಟು ಓದಿಸುತ್ತಾರಂತೆ. ಗುಟ್ಟನ್ನು ಪಿಸುಗುಟ್ಟಬೇಕು, ಅಪ್ಪನಿಗೆ ಪಿಸುಮಾತು ಕೇಳಿಸುವುದಿಲ್ಲ. ಆದರೆ ಅಪ್ಪನ ಗಂಟಲು ಮಾತ್ರ ಗಟ್ಟಿಯಾಗಿತ್ತು. "ಮದುವೆ ಯಾವಾಗ ಮಾಡ್ಕೋತೀಯೋ?" ಎಂದು ಅವರು ಅಡುಗೆಮನೆಯಲ್ಲಿ ಕೇಳಿದರೆ ಬೀದಿಯಲ್ಲಿ ಹೋಗುವವರು ನಿಂತು ಉತ್ತರಕ್ಕೆ ಕಾಯುತ್ತಿದ್ದರಂತೆ.

ರಿಪೇರಿಯವನ ಅಂಗಡಿಯ ಮೇಲೊಂದು ಕೋಣೆ. ಅದರ ತುಂಬ ಹಲ್ಲುದುರಿದ ಹಳೆಯ ಕೀಬೋರ್ಡುಗಳು, ಕುಣಿಸುವ ತಾಳ ಹೊಡೆಯುವ ಒಂದು ಪೆಟ್ಟಿಗೆ. ಭಾನುವಾರಗಳಲ್ಲಿ ಕಿಟಕಿ ಮುಚ್ಚಿಕೊಂಡು ಇಬ್ಬರೂ ಸೇರಿ ಆ ಹಾಡು ಮಾಡಿದರು. ಮೊದಲಿಂದ ಕೊನೆಯವರೆಗೆ ಢಬ್ ಢಬ್ ಎಂದು ತಾಳ, ಮೇಲೆ ಮಿಂಚಿನ ಹಾಗೆ ಓಡುವ ಕೀಬೋರ್ಡು. ಮೈಕುವಿನ ಧ್ವನಿಯನ್ನು ಮಷೀನಿಗೆ ಹಾಕಿ ತಗಡಿನ ಧ್ವನಿ ಮಾಡಿದರು. ನಡುವೆ ಒಂದು ಕಡೆ ತಾಳ ನಿಂತು, ಎರಡು ಸಾಲು ಮಾತ್ರ ಬರಿಯ ಧ್ವನಿಯಲ್ಲಿ ಬರುತ್ತಿತ್ತು:

ಹಾಡುಹಗಲಲ್ಲೇ ಕೈ ಹಿಡಿಯೋ ಹುಡುಗ,
ನನ್ನ ಬಗ್ಗೆ ನನಗೀಗ ನಾಚಿಕೆಯಿಲ್ಲ.

"ಆ ಎರಡು ಸಾಲನ್ನ ನೀನು ನೀನಾಗೇ ಹಾಡಬೇಕು" ಎಂದು ರಿಪೇರಿಯವನು ಹಟ ಹಿಡಿದಿದ್ದನಂತೆ. ಪ್ರೀತಿಸುವವರ ಹಟಕ್ಕೆ ಬುದ್ಧಿ ಎಲ್ಲಿರುತ್ತದೆ? ಹಾಡನ್ನು ಫೋನುಗಳಲ್ಲಿ ಬಿಟ್ಟರು. ಮಾರನೆಯ ದಿನ ಮೈಕು ಅದನ್ನು ನನಗೆ ಕೇಳಿಸಿ, "ಗೊತ್ತಾಗುತ್ತಾ ಅಕ್ಕ?" ಎಂದ.

"ಗೊತ್ತಾಗದೇ ಇರೋಕೆ! ದಿನಾ ಬೆಳಗಾದ್ರೆ ಕೇಳೋ ಧ್ವನಿ ಕಣೋ ಅದು."

ಅವನ ಮುಖ ಬಿಳಿಚಿಕೊಂಡಿತು. ಆದರೂ ಹತ್ತಿಪ್ಪತ್ತು ಜನ ಕೇಳಿ ಮರೆತುಬಿಡುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಹಾಡು ಮಾತ್ರ ನಿಲ್ಲಲಿಲ್ಲ. ಕಾಲೇಜಿನ ಹುಡುಗಿಯರು ಹಿಡಿದರು, ರೇಡಿಯೊದವರು ಹಿಡಿದರು, ಆಮೇಲೆ ಬಸ್ಸುಗಳಲ್ಲೇ ಹಾಕತೊಡಗಿದರು. ನಿಜ ಹೇಳಬೇಕೆಂದರೆ ಹಾಡು ಚೆನ್ನಾಗಿತ್ತು. ಕೌಂಟರಿನ ಕೆಳಗೆ ನನ್ನ ಕಾಲೇ ನನ್ನ ಮಾತು ಕೇಳುತ್ತಿರಲಿಲ್ಲ.

ಅಲ್ಲಿಂದ ಅವನು ಮುಳ್ಳಿನ ಮೇಲೆ ನಿಂತವನ ಹಾಗಾದ. ಆ ಹಾಡು ಹಾಕಿಕೊಂಡು ಯಾವುದಾದರೂ ಬಸ್ಸು ಒಳಗೆ ಬಂದರೆ ಸಾಕು, ಮೈಕಿನ ಗುಂಡಿ ಒತ್ತಿ, "ಪ್ರಯಾಣಿಕರ ಗಮನಕ್ಕೆ, ನಿಮ್ಮ ಲಗೇಜುಗಳ ಮೇಲೆ ನಿಗಾ ಇಡಿ, ಜೇಬುಗಳ ಮೇಲೆ ನಿಗಾ ಇಡಿ, ಮಕ್ಕಳ ಕೈ ಬಿಡಬೇಡಿ" ಎಂದು ಶುರುಮಾಡುತ್ತಿದ್ದ. ಆ ಎರಡು ಸಾಲು ಮುಗಿಯುವವರೆಗೂ ಬಿಡುತ್ತಿರಲಿಲ್ಲ. ಊರಿಗೆ ಕಳ್ಳರು ಬಂದಿದ್ದಾರೆ ಎಂದು ಜನ ಚೀಲಗಳನ್ನು ಎದೆಗೆ ಅವುಚಿಕೊಂಡು ಓಡಾಡತೊಡಗಿದರು. ಬೆಂಚಿನ ಮೇಲೆ ಅಪ್ಪನಿಗೆ ಮಾತ್ರ ಖುಷಿಯೋ ಖುಷಿ, ಮಗನ ಧ್ವನಿ ಮೊದಲಿಗಿಂತ ಹೆಚ್ಚು ಕೇಳಿಸುತ್ತಿತ್ತಲ್ಲ!

ಒಂದು ಮಧ್ಯಾಹ್ನ ಮೈಕು ಊಟಕ್ಕೆ ಕುಳಿತಿದ್ದಾಗ ಚಹದಂಗಡಿಯ ಹೊಸ ಸ್ಪೀಕರಿನಲ್ಲಿ ಹಾಡು ಬಂತು. ದೊಡ್ಡ ಡ್ರೈವರು ತಲೆ ಎತ್ತಿದರು. ತಾಳ ಬೆಂಚಿನಲ್ಲೇ ತಿಳಿಯುತ್ತಿತ್ತೇನೋ, ಅಂಗೈಯನ್ನು ಬೆಂಚಿನ ಮೇಲಿಟ್ಟರು. ಆ ಎರಡು ಸಾಲು ಬಂದಾಗ ಎದ್ದೇ ನಿಂತರು. "ಏಯ್! ಇದು ನನ್ನ ಮಗನ ಧ್ವನಿ! ನನ್ನ ಮಗ ಹಾಡ್ತಿದಾನೆ!" ಒಳಗೆ ಮೈಕುವಿನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಅಲ್ಲಿಯವರೆಗೆ ಸಂದೇಹವಿದ್ದವರಿಗೂ ಈಗ ಸಂದೇಹ ಉಳಿಯಲಿಲ್ಲ. ಅಪ್ಪ ಹಾಡನ್ನು ಬೆನ್ನಿಗೆ ಕಟ್ಟಿಕೊಂಡರು. ಚಹದಂಗಡಿಗೆ ಹೋಗಿ ಮತ್ತೆ ಹಾಕಿಸುವರು, ಡ್ರೈವರುಗಳ ಭುಜ ಹಿಡಿದು ನಿಲ್ಲಿಸಿ ಕೇಳಿಸುವರು. ಮೈಕು ಸೊರಗಿಹೋದ. ಇಲ್ಲದ ಬಸ್ಸು ಬಂದಿದೆ ಎಂದ, ಬಂದ ಬಸ್ಸನ್ನು ಮರೆತ. ಜನ ನನ್ನ ಕೌಂಟರಿಗೆ ಬಂದು ಬೈದರು.

"ಅಪ್ಪ ಬೈದ್ರೆ, ಹೊಡೆದ್ರೆ ತಡ್ಕೋತೀನಿ ಅಕ್ಕ," ಎಂದ ಒಂದು ದಿನ. "ನನ್ನ ಮಗ ಅಂತ ಹೇಳೋದನ್ನ ನಿಲ್ಲಿಸಿಬಿಟ್ರೆ? ಆ ಬೆಂಚು ಖಾಲಿಯಾದ್ರೆ ಈ ಕುರ್ಚೀಲಿ ಹೇಗೆ ಕೂತ್ಕೊಳ್ಳಲಿ?"

ನನಗೂ ಅದೇ ಭಯವಿತ್ತು.

ಮರುವಾರ ನಾವು ಹೆದರಿದ್ದ ಗಳಿಗೆ ಬಂದೇಬಿಟ್ಟಿತು. ಬೆಂಚಿನ ಸುತ್ತ ನಾಲ್ಕೈದು ಕಂಡಕ್ಟರುಗಳು ಚಹ ಕುಡಿಯುತ್ತಿದ್ದರು. ದೊಡ್ಡ ಡ್ರೈವರು ಎಂದಿನಂತೆ ಹಾಡು ಹಾಕಿಸಿದರು. ಅವರಲ್ಲಿ ಮೀಸೆಯವನೊಬ್ಬ ಎದ್ದು, "ಯಜಮಾನ್ರೇ, ನಿಮ್ಮ ಮಗ ಯಾವ ಹುಡುಗನ್ನ ಕರೀತಿದಾನೆ ಗೊತ್ತಾ?" ಎಂದು ಸೊಂಟ ಕುಣಿಸಿ, ಕೈ ತಿರುಗಿಸಿ ಅಣಕಿಸಿದ. ಎಲ್ಲರೂ ಗೊಳ್ಳೆಂದು ನಕ್ಕರು. ಅಪ್ಪನಿಗೆ ಮಾತು ತಿಳಿಯಲಿಲ್ಲ. ಎಲ್ಲರೂ ನಗುತ್ತಿದ್ದಾರೆಂದು ಅವರೂ ಹಲ್ಲುಬಿಟ್ಟು ನಕ್ಕರು, ತಾಳಕ್ಕೆ ಸರಿಯಾಗಿ ಭುಜವನ್ನೂ ಕುಣಿಸಿದರು. ಅದನ್ನು ನೋಡಿ ನನಗೆ ಎದ್ದು ಹೋಗಿ ಆ ಮೀಸೆಯನ್ನು ಕಿತ್ತು ಕೈಗೆ ಕೊಡೋಣ ಅನ್ನಿಸಿತು.

ಅಷ್ಟರಲ್ಲಿ ಅಪ್ಪನ ನಗು ನಿಂತಿತು. ಒಬ್ಬೊಬ್ಬರ ಮುಖವನ್ನೇ ನೋಡಿದರು. ಅವರು ನೋಡಿದವರೆಲ್ಲ ಚಹದ ಲೋಟದೊಳಗೆ ಕಣ್ಣಿಟ್ಟರು. ದೊಡ್ಡ ಡ್ರೈವರು ನೇರವಾಗಿ ನನ್ನ ಕೌಂಟರಿಗೆ ಬಂದರು.

"ಅಮ್ಮಾ, ಯಾಕೆ ನಗ್ತಿದಾರೆ? ಹಾಡಲ್ಲಿ ಏನಿದೆ?"

ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ನಾನು ಹೇಳುವ ಮಾತಲ್ಲ ಅದು. ಪಕ್ಕದ ಬಾಗಿಲ ಕಡೆ ಕೈ ತೋರಿಸಿದೆ.

ಮೈಕು ಆಗಲೇ ಬಾಗಿಲು ತೆರೆದು ಹೊರಗೆ ನಿಂತಿದ್ದ. "ಮನೆಗೆ ಹೋಗಿ ಮಾತಾಡೋಣ ಅಪ್ಪ."

"ಏನು?"

"ಮನೇಲಿ!"

"ಇಲ್ಲೇ ಹೇಳು. ಎಲ್ಲರಿಗೂ ಗೊತ್ತಿದೆ, ನನಗೊಬ್ಬನಿಗೆ ಗೊತ್ತಿಲ್ಲ. ಊರಿಗೆಲ್ಲ ಹೇಳೋನು ನನಗೆ ಹೇಳೋಕೇನು?"

ಮೈಕು ಅಪ್ಪನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಅಪ್ಪ ತಿಳಿಯಲಿಲ್ಲವೆಂದು ತಲೆಯಾಡಿಸಿದರು. ಇನ್ನೊಮ್ಮೆ ಹೇಳಿದ. "ಕೇಳಿಸಲಿಲ್ಲ" ಎಂದರು. ಅವನು ನನ್ನ ಕಡೆ ನೋಡಿದ, ಸಾಲಿನ ಕಡೆ ನೋಡಿದ, ಲೋಟ ಹಿಡಿದು ನಿಂತ ಮೀಸೆಯವನ ಕಡೆ ನೋಡಿದ. ಉಸಿರು ಎಳೆದುಕೊಂಡು ಕೂಗಿ ಹೇಳಿದ:

"ಅಪ್ಪಾ, ಆ ಹಾಡಲ್ಲಿರೋದು ಹುಡುಗಿ ಅಲ್ಲ! ಗಂಡಸು! ನಾನು ಅವನನ್ನ ಪ್ರೀತಿಸ್ತೀನಿ! ನಾನಿರೋದೇ ಹಾಗೆ!"

ಅವನ ಕೈಯಲ್ಲಿ ಮೈಕಿರಲಿಲ್ಲ, ಆದರೂ ಕೊನೆಯ ಕಂಬದವರೆಗೂ ಕೇಳಿಸಿತು. ನಿಲ್ದಾಣ ಅಷ್ಟು ತಣ್ಣಗಿದ್ದದ್ದನ್ನು ನಾನು ನೋಡಿಲ್ಲ.

"ಯಾರು?" ಎಂದರು ಅಪ್ಪ.

"ಆಂಪ್ಲಿಫೈಯರ್ ರಿಪೇರಿಯವನು!"

"ಆ ಸಣಕಲನಾ?"

ಹಿಂದೆ ಯಾರೋ ಕಿಸಕ್ಕೆಂದರು. ಅಪ್ಪ ಆ ಕಡೆ ತಿರುಗಿದರು. ನಗು ಅವರಿಗೆ ಕೇಳಿಸಿರಲಾರದು, ಕಣ್ಣಿಗೆ ಬಿದ್ದಿರಬೇಕು.

"ನನಗೆ ಇದೆಲ್ಲ ಅರ್ಥ ಆಗಲ್ಲ," ಎಂದರು, ಎಂದಿನ ಅದೇ ದೊಡ್ಡ ದನಿಯಲ್ಲಿ. "ಆಗುತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಆದರೆ ಆ ಧ್ವನಿ ನನ್ನ ಮಗಂದು ಅಂತ ನಿಮಗೆಲ್ಲ ಹೇಳಿದೀನಿ. ಅದನ್ನ ವಾಪಸ್ ತಗೊಳ್ಳೋಕೆ ನಾನು ಯಾರ ಹತ್ತಿರಾನೂ ಬರಲ್ಲ."

ಹೇಳಿ, ಬೆಂಚಿಗೆ ಹೋಗಿ ಕುಳಿತರು. ಮಗನ ಕಡೆ ತಿರುಗಿ ನೋಡಲಿಲ್ಲ. ಮನೆಗೆ ಹೋದ ಮೇಲೆ ಏನಾಗುತ್ತದೋ ಎಂಬ ಚಿಂತೆ ನನ್ನನ್ನು ಬಿಡಲಿಲ್ಲ. ಮೈಕು ಒಳಗೆ ಹೋದ. ಬಸ್ಸು ಬಂತು, ಹೇಳಬೇಕು, ಅವನ ಬಾಯಿಂದ ಧ್ವನಿಯೇ ಹೊರಡಲಿಲ್ಲ. ಮುಖ ಮುಚ್ಚಿಕೊಂಡು ಅಳುತ್ತಿದ್ದ. ನಾನು ಕೌಂಟರು ಬಿಟ್ಟು ಹೋಗಿ, ಅವನ ಭುಜದ ಮೇಲಿಂದ ಬಗ್ಗಿ, ಬಸ್ಸು ಬಂದಿದೆ ಎಂದು ಮೈಕಿನಲ್ಲಿ ನಾನೇ ಹೇಳಿದೆ. ಕಾಗೆ ಕೂಗಿದ ಹಾಗಿತ್ತು.

ಬೆಂಚಿನಲ್ಲಿ ಅಪ್ಪ ಥಟ್ಟನೆ ತಲೆಯೆತ್ತಿದರು. ಸ್ಪೀಕರನ್ನು ನೋಡಿದರು, ನಮ್ಮ ಗಾಜನ್ನು ನೋಡಿದರು. "ಅವನಿಗೇನಾಯ್ತು?" ಎಂದು ಕೂಗಿದರು. ಅವರು ಎದ್ದರು, ಚಹದ ಲೋಟ ಹಿಡಿದವರ ನಡುವೆಯೇ ದಾರಿ ಮಾಡಿಕೊಂಡು ಬಂದು, ಬಾಗಿಲು ತಟ್ಟದೆ ಒಳಗೆ ಬಂದರು. ಮೂವರು ನಿಲ್ಲುವಷ್ಟು ಜಾಗ ಅಲ್ಲಿಲ್ಲ. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.