ಚಿಕ್ಕಮ್ಮನ ಹಾಸಿಗೆಯಲ್ಲೊಂದು ಗುಂಡಿ

ನನ್ನ ಚಿಕ್ಕಮ್ಮ ಹಾಸಿಗೆ ಹಾಸುವುದರಲ್ಲಿ ಎತ್ತಿದ ಕೈ. ಹಾಸಿಗೆ ಹಾಸುವುದು ಯಾರಿಗೆ ಬರುವುದಿಲ್ಲ ಎಂದು ನೀವು ನಗಬಹುದು. ಆಕೆ ಹಾಸಿದ್ದನ್ನು ನೋಡಿದವರು ನಗುವುದಿಲ್ಲ. ರೈಲು ನಿಲ್ದಾಣದ ಎದುರಿನ ಮೂರು ಮಹಡಿಯ ಲಾಡ್ಜೊಂದರಲ್ಲಿ ಇಪ್ಪತ್ತೆರಡು ವರ್ಷ ಕೋಣೆಗಳನ್ನು ನೋಡಿಕೊಂಡವರು ಅವರು. ಹೊದಿಕೆ ತೆಗೆದ ಹಾಸಿಗೆಯ ಮೇಲೆ ಒಮ್ಮೆ ಅಂಗೈ ಆಡಿಸಿದರೆ ಸಾಕು, ಅಲ್ಲಿ ಮಲಗಿದ್ದವರ ಚರಿತ್ರೆಯನ್ನೇ ಹೇಳಿಬಿಡುತ್ತಿದ್ದರು.

“ಹದಿನಾಲ್ಕನೇ ರೂಮಿನವರು ಬಲ ಮಗ್ಗುಲಾಗಿ ಮಲಗ್ತಾರೆ. ಬೆಳಗ್ಗೆ ಎದ್ದು ಮಂಚದ ಅಂಚಲ್ಲಿ ಕೂತು ಬೂಟು ಹಾಕೋದಕ್ಕೆ ಅರ್ಧ ಗಂಟೆ ತಗೋತಾರೆ. ಪಾಪ, ಕೆಲಸಕ್ಕೆ ಹೋಗೋ ಮನಸ್ಸೇ ಇಲ್ಲ ಅವರಿಗೆ.”

ಚಿಕ್ಕಪ್ಪ ನಗರ ಸಾರಿಗೆಯ ಬಸ್ ಚಾಲಕರು. ಬೆಳಗಿನ ಐದು ಗಂಟೆಯ ಮೊದಲ ಬಸ್ಸು ಅವರದು. ಆಳು ದಪ್ಪ, ಮಾತು ಮೆದು. ಚಿಕ್ಕಮ್ಮನಾದರೋ ಹಿಡಿಯಷ್ಟು ಆಕಾರ, ಊರಿಗೆ ಕೇಳುವಷ್ಟು ಧ್ವನಿ. ಇಬ್ಬರಿಗೂ ತಮ್ಮ ತಮ್ಮ ಕೆಲಸದ ಮೇಲೆ ಅಪಾರ ಅಭಿಮಾನ. ಅಧ್ಯಾಪಕನಾಗಿ ನನಗೆ ಮೊದಲ ನೇಮಕವಾದದ್ದು ಅವರ ಮನೆಯಿಂದ ಎರಡು ಬೀದಿ ಆಚೆಯ ಶಾಲೆಗೆ. ಹೀಗಾಗಿ ಮೂರು ವರ್ಷ ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಈಗ ಹೇಳಹೊರಟಿರುವ ಪ್ರಸಂಗದಲ್ಲಿ ನನ್ನದೂ ಒಂದು ಪಾಲು ತಪ್ಪಿದೆ.

ಆ ವರ್ಷ ಚಿಕ್ಕಪ್ಪನ ಸೊಂಟ ಹಿಡಿದುಕೊಂಡಿತು. ಬೆಳಗ್ಗೆ ಏಳುವಾಗ ಕಿಟಕಿಯ ಸರಳು ಹಿಡಿದು, ಗೋಡೆ ಹಿಡಿದು, ಕೊನೆಗೆ ತಮ್ಮನ್ನೇ ತಾವು ಹಿಡಿದುಕೊಂಡು ನಿಲ್ಲುತ್ತಿದ್ದರು. ಡಿಪೋದ ಡಾಕ್ಟರು ಬಗ್ಗಿಸಿ ನೋಡಿದರು, ತಿರುಗಿಸಿ ನೋಡಿದರು. ಮೂರು ವಾರ ಕೊಡುತ್ತೇನೆ, ಆಗಲೂ ಹೀಗೇ ಇದ್ದರೆ ಬಸ್ಸು ಬೇಡ, ಟಿಕೆಟ್ ಕೌಂಟರಿನಲ್ಲಿ ಕೂರಿ ಎಂದುಬಿಟ್ಟರು. ನಿವೃತ್ತಿಗೆ ಉಳಿದಿದ್ದದ್ದು ಹದಿನಾಲ್ಕೇ ತಿಂಗಳು.

“ಮೂವತ್ತು ವರ್ಷ ಗಾಜಿನ ಮುಂದೆ ಕೂತು ಊರು ನೋಡಿದೀನಿ. ಈಗ ತೂತಿನ ಹಿಂದೆ ಕೂತು ಜನರ ಬೆರಳು ನೋಡ್ಲಾ?” ಎಂದರು ಚಿಕ್ಕಪ್ಪ. ಅಂದು ಅವರು ಊಟ ಅರ್ಧಕ್ಕೇ ಬಿಟ್ಟೆದ್ದರು.

ಚಿಕ್ಕಮ್ಮ ಸೀದಾ ಮಲಗುವ ಕೋಣೆಗೆ ಹೋಗಿ ಹೊದಿಕೆ ಎಳೆದು ಅಂಗೈ ಆಡಿಸಿದರು. ಅವರ ಹಾಸಿಗೆಯ ಮೇಲೆ ನಾಲ್ಕು ಬೆರಳು ದಪ್ಪದ ಸ್ಪಂಜಿನದೊಂದು ಮೇಲ್ಹಾಸು ಇತ್ತು. ಅದರಲ್ಲಿ ಚಿಕ್ಕಪ್ಪ ಮಲಗುವ ಕಡೆ, ಸೊಂಟದ ನೇರಕ್ಕೆ, ಒಂದು ಗುಂಡಿ! ಮಗುವಿಗೆ ಸ್ನಾನ ಮಾಡಿಸಬಹುದಾದಂಥ ಗುಂಡಿ. ಚಿಕ್ಕಮ್ಮನ ಕಡೆ ಮಾತ್ರ ಹೊಸದರಂತೆ ಮಟ್ಟಸವಾಗಿತ್ತು.

“ಇದು ಹೇಗ್ರೀ ಸಾಧ್ಯ?” ಎಂದು ಚಿಕ್ಕಮ್ಮ ಕೂಗಾಡಿದರು. “ಲಾಡ್ಜಲ್ಲಿ ಎಂಥೆಂಥ ಆನೆಗಳು ಬಂದು ಮಲಗಿ ಹೋಗಿದಾವೆ. ಒಂದರಲ್ಲೂ ಗುಂಡಿ ಬಿದ್ದಿಲ್ಲ. ನನ್ನ ಮನೇಲೇ ಬೀಳಬೇಕಾ? ಅಂಗಡಿಯವನು ಮೋಸ ಮಾಡಿದಾನೆ.”

“ಮಾಲು ಕೆಟ್ಟದಿರಬೇಕು ಬಿಡು,” ಎಂದರು ಚಿಕ್ಕಪ್ಪ, ಯಾಕೋ ಚಿಕ್ಕಮ್ಮನ ಮುಖ ನೋಡದೆ. ನಾನೂ ನನ್ನ ನೋಟ್‌ಬುಕ್ಕುಗಳ ಕಡೆ ತಿರುಗಿಕೊಂಡೆ.

ನಾವಿಬ್ಬರೂ ಮುಖ ತಪ್ಪಿಸಿದ್ದಕ್ಕೆ ಕಾರಣವಿತ್ತು. ಬಸ್ಸಿನ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕುತ್ತಿದ್ದರೆ ಎಲ್ಲವೂ ಸಮನಾಗಿ ಸವೆಯುತ್ತವೆ ಎಂಬುದು ಡಿಪೋದವರ ಕ್ರಮ. ಆ ಕ್ರಮವನ್ನು ಚಿಕ್ಕಪ್ಪ ಮನೆಗೂ ತಂದಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ಮುಗಿಸಿ ಬಂದವರು ಹೊದಿಕೆ ತೆಗೆದು, ಮೇಲ್ಹಾಸಿನ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ, ಮತ್ತೆ ಹೊದಿಕೆ ಹಾಸಿ, ಚಿಕ್ಕಮ್ಮ ಮಡಿಸುವ ಹಾಗೆಯೇ ಮೂಲೆಗಳನ್ನು ಮಡಿಸಿಡುತ್ತಿದ್ದರು. “ಪಾಪ, ದಿನವೆಲ್ಲ ಕಂಡವರ ಹಾಸಿಗೆ ತಿರುಗಿಸಿ ಬರ್ತಾಳೆ. ಮನೇದಾದರೂ ಅವಳಿಗೆ ತಪ್ಪಲಿ. ಹೇಳಬೇಡಿ ಮೇಷ್ಟ್ರೇ, ಹಾಸಿಗೆ ಮುಟ್ಟಿದೆ ಅಂತ ಗೊತ್ತಾದರೆ ನನ್ನ ಚರ್ಮ ಸುಲೀತಾಳೆ,” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಶನಿವಾರ ಶಾಲೆ ಅರ್ಧ ದಿನವಾದ್ದರಿಂದ ನಾನು ಮನೆಯಲ್ಲೇ ಇರುತ್ತಿದ್ದೆ. ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಮುಂದಿನ ಶನಿವಾರ ಲಾಡ್ಜಿನಲ್ಲಿ ನೀರಿನ ಕೊಳವೆ ಒಡೆದು, ಕೆಲಸದವರನ್ನೆಲ್ಲ ಬೇಗ ಮನೆಗೆ ಕಳುಹಿಸಿದರು. ಎರಡೂವರೆಗೆ ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು. ಒಳಗೆ ಚಿಕ್ಕಪ್ಪ ಹೊದಿಕೆಯನ್ನು ಹೆಗಲಿಗೇರಿಸಿಕೊಂಡು, ಮೇಲ್ಹಾಸನ್ನು ಎರಡೂ ತೋಳಲ್ಲಿ ತಬ್ಬಿಕೊಂಡು, ನೋವಿಗೆ ಹಲ್ಲು ಕಚ್ಚಿ ತಿರುಗುತ್ತಿದ್ದರು.

“ಏನ್ರೀ ಅದು? ಯಾರ ಜತೆ ಕುಸ್ತಿ?”

ಚಿಕ್ಕಪ್ಪ ನಿಂತಲ್ಲೇ ನಿಂತರು. “ತಿರುಗಿಸ್ತಾ ಇದ್ದೆ. ಸಮನಾಗಿ ಸವೀಲಿ ಅಂತ. ಪ್ರತಿ ಶನಿವಾರ...”

“ಪ್ರತಿ ಶನಿವಾರಾನಾ? ಎಷ್ಟು ದಿನದಿಂದ?”

“ಇದನ್ನ ತಂದಾಗಿನಿಂದ. ಮೇಷ್ಟ್ರನ್ನ ಕೇಳು ಬೇಕಾದರೆ.”

ಚಿಕ್ಕಮ್ಮ ತಲೆಯ ಮೇಲೆ ಕೈ ಹೊತ್ತು ಮಂಚದ ಅಂಚಿನಲ್ಲಿ ಕುಳಿತರು. “ನಾನೂ ತಿರುಗಿಸ್ತೀನಲ್ರೀ! ಪ್ರತಿ ಶನಿವಾರ ಬೆಳಗ್ಗೆ ಒಂಬತ್ತಕ್ಕೆ, ಕೆಲಸಕ್ಕೆ ಹೊರಡೋ ಅವಸರದಲ್ಲಿ ಹೊದಿಕೆ ಬದಲಾಯಿಸುವಾಗ. ಲಾಡ್ಜಲ್ಲಿ ಅದೇ ನಿಯಮ.”

ಬೆಳಗ್ಗೆ ಆಕೆ ತಿರುಗಿಸಿದ್ದನ್ನು ಮಧ್ಯಾಹ್ನ ಇವರು ತಿರುಗಿಸಿ, ಮೇಲ್ಹಾಸು ಮೂರು ವರ್ಷ ಇದ್ದಲ್ಲೇ ಇತ್ತು! ಚಿಕ್ಕಪ್ಪ ಪ್ರತಿ ರಾತ್ರಿ ಅದೇ ಜಾಗವನ್ನು ತಗ್ಗು ಮಾಡುತ್ತ ಬಂದಿದ್ದರು. ಮೊದಲು ನಕ್ಕವರು ಚಿಕ್ಕಮ್ಮ. ಆಮೇಲೆ ಚಿಕ್ಕಪ್ಪ ಸೊಂಟ ಹಿಡಿದುಕೊಂಡು “ಅಯ್ಯೋ, ನಗಿಸಬೇಡ, ನೋಯುತ್ತೆ” ಎಂದು ನಕ್ಕರು.

“ನೀನೂ ಕಳ್ಳ,” ಎಂದು ಚಿಕ್ಕಮ್ಮ ನನ್ನ ಕಡೆ ತಿರುಗಿದರು. “ಒಂದು ಮಾತು ಬಾಯಿ ಬಿಟ್ಟಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?”

ನಗು ಮುಗಿದ ಮೇಲೂ ಗುಂಡಿ ಉಳಿದಿತ್ತು. ಡಾಕ್ಟರು ಕೊಟ್ಟ ಗಡುವಿನಲ್ಲಿ ಎರಡು ವಾರಗಳೂ ಉಳಿದಿದ್ದವು.

ಗುಂಡಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ಚಿಕ್ಕಮ್ಮ ಅದರಲ್ಲಿ ಮಲಗಿದರು. ನಾನು ಹಗುರ, ನನಗೇನೂ ಆಗದು ಎಂದರು. ಆದರೆ ಚಿಕ್ಕಪ್ಪ ನಿದ್ದೆಯಲ್ಲಿ ಮಗ್ಗುಲಾದೊಡನೆ ಇಳಿಜಾರಿನಲ್ಲಿ ಜಾರಿ ಚಿಕ್ಕಮ್ಮನ ಮೇಲೆಯೇ ಬರುತ್ತಿದ್ದರು. “ಬ್ರೇಕ್ ಹಾಕ್ರೀ!” ಎಂಬ ಕೂಗು ಮುಂದಿನ ಕೋಣೆಗೂ ಕೇಳುತ್ತಿತ್ತು. ಹೀಗೇ ನಾಲ್ಕು ದಿನ ಕಳೆದವು. ನೋವು ಕಡಿಮೆಯಾಗುವುದಿರಲಿ, ಚಿಕ್ಕಪ್ಪ ಸೊಟ್ಟಗೆ ನಡೆಯತೊಡಗಿದರು. ಮೇಲ್ಹಾಸನ್ನೇ ತೆಗೆದಿಟ್ಟು ಕೆಳಗಿನ ಗಟ್ಟಿ ಹಾಸಿಗೆಯ ಮೇಲೆ ಮಲಗಿದಾಗ ಅವರಿಗೆ ಮೊದಲ ಬಾರಿ ಹಾಯೆನಿಸಿತು. ಆದರೆ ಚಿಕ್ಕಮ್ಮ ಬೆಳಗ್ಗೆ ತೋಳು ಮೇಲೆತ್ತಲಾರದೆ ಒದ್ದಾಡಿದರು. ಇಪ್ಪತ್ತೆರಡು ವರ್ಷ ಭಾರ ಎತ್ತಿದ ಭುಜಕ್ಕೆ ಗಟ್ಟಿ ಹಾಸಿಗೆ ಆಗುತ್ತಿರಲಿಲ್ಲ.

“ನಿನ್ನ ಭುಜ ಕೊಟ್ಟು ನನ್ನ ಸೊಂಟ ತಗೊಳ್ಳೋದು ಬೇಡ,” ಎಂದರು ಚಿಕ್ಕಪ್ಪ. “ಹಾಕು ಅದನ್ನ ವಾಪಸ್. ಕೌಂಟರ್ ಆದರೆ ಕೌಂಟರ್.”

ಅಷ್ಟು ಹೇಳಿ ಅವರು ಹೊರಗೆ ಹೋದರು. ಚಿಕ್ಕಮ್ಮ ಗೋಡೆಗೊರಗಿಸಿದ ಮೇಲ್ಹಾಸನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಡುಗೆ ಮನೆಗೆ ಹೋಗಿ ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ತಂದರು.

“ಹಿಡ್ಕೋ ಮೇಷ್ಟ್ರೇ ಆ ತುದೀನ. ಗಟ್ಟಿಯಾಗಿ.”

“ಕೊಯ್ತೀಯಾ ಚಿಕ್ಕಮ್ಮಾ?”

“ಉದ್ದಕ್ಕೆ, ನಡುವೆ. ನನ್ನ ಭಾಗ ನನಗಿರ್ಲಿ. ಅವರ ಭಾಗ ಬೇಡ.”

ಹೇಳುವಾಗ ಅವರ ಮುಖ ಸಪ್ಪಗಿತ್ತು. ಹೊದಿಕೆಯಲ್ಲಿ ಒಂದು ಸುಕ್ಕು ಕಂಡರೆ ಸಹಿಸದವರು ತಮ್ಮ ಹಾಸಿಗೆಯ ನಡುವೆ ತಾವೇ ಒಂದು ಮೆಟ್ಟಿಲು ಕಟ್ಟುತ್ತಿದ್ದರು. ಆ ಮೆಟ್ಟಿಲಿನ ಮೇಲೆ ಯಾವ ಹೊದಿಕೆಯೂ ಸಮನಾಗಿ ಕೂರುವುದಿಲ್ಲವೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೊಯ್ದೇಬಿಟ್ಟರು. ಸ್ಪಂಜಿನ ಪುಡಿ ಉದುರಿಸುತ್ತ ಚಾಕು ಆ ತುದಿಯಿಂದ ಈ ತುದಿಗೆ ಗೀಟು ಎಳೆದಂತೆ ಬಂತು.

ಅಂದಿನಿಂದ ಚಿಕ್ಕಮ್ಮ ನಾಲ್ಕು ಬೆರಳು ಮೇಲೆ, ಚಿಕ್ಕಪ್ಪ ನಾಲ್ಕು ಬೆರಳು ಕೆಳಗೆ. ಹೊದಿಕೆಗಳೂ ಎರಡಾದವು. “ಮಹಡಿ ಮೇಲಿನವರೇ, ದೀಪ ಆರಿಸ್ತೀರಾ?” ಎಂದು ಚಿಕ್ಕಪ್ಪ ಕೇಳುವರು. “ಕೆಳಗಿನ ಮನೆಯವರು ಗೊರಕೆ ಕಡಿಮೆ ಮಾಡಿದರೆ ಉಪಕಾರ,” ಎಂದು ಚಿಕ್ಕಮ್ಮ ಉತ್ತರಿಸುವರು. ಒಂದು ವಾರ ಕಳೆಯುವಷ್ಟರಲ್ಲಿ ಚಿಕ್ಕಪ್ಪ ಸರಳು ಹಿಡಿಯದೆ ಎದ್ದರು. ಅದರ ಮಾರನೆಯ ದಿನ ಗೋಡೆಯನ್ನೂ ಬಿಟ್ಟರು.

ಗಡುವಿನ ದಿನ ಅವರೊಂದಿಗೆ ಡಿಪೋಗೆ ಚಿಕ್ಕಮ್ಮನೂ ಹೋದರು, ನಾನೂ ಹೋದೆ. ಡಾಕ್ಟರು ಬಗ್ಗಿ ಎಂದರು. ಚಿಕ್ಕಪ್ಪ ಬಗ್ಗಿ ಬೂಟಿನ ತುದಿ ಮುಟ್ಟಿದರು. ತಿರುಗಿ ಎಂದರು, ತಿರುಗಿದರು. ಹತ್ತು ಸಲ ಕೂತು ಏಳಿ ಎಂದರು. ಹನ್ನೆರಡು ಸಲ ಎದ್ದರು. ಡಾಕ್ಟರಿಗೆ ಆಶ್ಚರ್ಯ.

“ಯಾವ ಔಷಧಿ ತಗೊಂಡ್ರಿ?”

“ಔಷಧಿ ಏನಿಲ್ಲ ಸಾರ್. ಮನೇಲಿ ಪಾಲಾಯ್ತು. ಇವಳು ಮೇಲಿನ ಭಾಗ ತಗೊಂಡಳು, ನನಗೆ ಕೆಳಗಿನದು ಬಂತು.”

ಡಾಕ್ಟರು ಕನ್ನಡಕ ಕೆಳಗಿಳಿಸಿ ಇಬ್ಬರನ್ನೂ ನೋಡಿದರು. “ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇನಮ್ಮಾ? ಕೂತು ಮಾತಾಡಿ ಸರಿಮಾಡಿಕೊಳ್ಳಬಾರದಿತ್ತಾ?”

“ಮಾತಾಡದೇ ಇದ್ದಿದ್ದರಿಂದಲೇ ಇಷ್ಟೆಲ್ಲಾ ಆಗಿದ್ದು ಡಾಕ್ಟ್ರೇ,” ಎಂದರು ಚಿಕ್ಕಮ್ಮ. “ನೀವು ಮೊದಲು ಸಹಿ ಹಾಕಿ. ನಾಳೆ ಬೆಳಗ್ಗೆ ಐದಕ್ಕೆ ಇವರ ಬಸ್ಸಿದೆ.”

ಡಾಕ್ಟರು ಸಹಿ ಹಾಕಿದರು. ಚಿಕ್ಕಪ್ಪ ನಿವೃತ್ತಿಯವರೆಗೂ ಗಾಜಿನ ಮುಂದೆಯೇ ಕುಳಿತು ಊರು ನೋಡಿದರು.