ವೈರಕ್ಕನ ನಲವತ್ತೊಂದು ಅರ್ಧ ದಿನಗಳು

ವೈರಕ್ಕನಿಗೆ ನಲವತ್ತೊಂದು ಅರ್ಧ ದಿನಗಳ ಸಂಬಳ ಇನ್ನೂ ಬರಬೇಕು. ಗುತ್ತಿಗೆಯ ಮೇಲೆ ಒಂದು ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಹೆಗಲ ಮೇಲೆ ಸದಾ ಒಂದು ಸುತ್ತು ವೈರು, ಅದಕ್ಕೇ ಆ ಹೆಸರು.

ಬರುವುದು ಎಂಟೂವರೆಗೆ, ಎಲ್ಲರಿಗಿಂತ ಮೊದಲು. ಒಂಬತ್ತಕ್ಕೆ ಉಳಿದವರು ಬಂದು ಪಾಸ್‌ವರ್ಡ್ ಒತ್ತುತ್ತಾರೆ. ಎಲ್ಲರ ಕಡತಗಳೂ ಒಳಕೋಣೆಯ ಸರ್ವರಿನ ಒಂದೇ ಡ್ರೈವಿನಲ್ಲಿ. ಕಂಪ್ಯೂಟರು ಕಣ್ಣು ಬಿಡುವುದು ಬೇಗ, ನೆಟ್‌ವರ್ಕ್ ಏಳುವುದು ತಡ. ಡ್ರೈವ್ ಸಿಗದೆ ಕಂಪ್ಯೂಟರು ಅದರ ಮೇಲೊಂದು ಕೆಂಪು ಕಾಟು ಹಾಕಿ ಕೈ ತೊಳೆದುಕೊಳ್ಳುತ್ತದೆ.

"ವೈರಕ್ಕಾ, ನಂದು ಹೋಯ್ತು!"

"ಅಕ್ಕಾ, ನಂದೂ!"

ಹದಿನೇಳು ಮೇಜು. ಒಂದೊಂದರಲ್ಲೂ ಹಳೆಯ ಜೋಡಣೆ ಕಿತ್ತು ಹೊಸದಾಗಿ ಕೂಡಿಸಬೇಕು.

ಹಾಳು ಹಾಜರಿ ಕಡತವೂ ಅದೇ ಡ್ರೈವಿನಲ್ಲಿ. ಒಂಬತ್ತಕ್ಕೆ ಮೊದಲು ತೆರೆಯುವುದಿಲ್ಲ, ಒಂಬತ್ತೂವರೆ ದಾಟಿದರೆ ಅರ್ಧ ದಿನದ ಸಂಬಳ ಕಟ್. ಹಾಜರಿಯನ್ನು ಅವರವರ ಕಂಪ್ಯೂಟರಿನಿಂದಲೇ ಹಾಕಬೇಕು. ಹದಿನೇಳು ಜನರನ್ನೂ ದಡ ಮುಟ್ಟಿಸಿ ತನ್ನ ಕುರ್ಚಿಗೆ ಬರುವಾಗ ಒಂಬತ್ತು ಮೂವತ್ತೆರಡು. ಹೀಗೆ ನಲವತ್ತೊಂದು ಬೆಳಿಗ್ಗೆ.

"ಒಂದು ಸೆಟ್ಟಿಂಗು ಸಾರ್. ನೆಟ್‌ವರ್ಕ್ ಬರೋವರೆಗೂ ಕಾಯಿ ಅಂತ ಕಂಪ್ಯೂಟರಿಗೆ ಹೇಳ್ಬೇಕು ಅಷ್ಟೇ. ಮೇಲಿನ ಆಫೀಸಿಂದ ಪರ್ಮಿಷನ್ ಕೊಡ್ಸಿ," ಎಂದು ಮ್ಯಾನೇಜರನ್ನು ಕೇಳಿದಳು.

"ಎಲ್ಲಾ ಸರಿಹೋದ್ರೆ ನಿನಗೇನಮ್ಮ ಕೆಲ್ಸ?" ಮ್ಯಾನೇಜರು ನಕ್ಕ. "ನೋಡ್ರಪ್ಪಾ, ವೈರಕ್ಕನಿಗೆ ನನ್ ಮೇಲೇ ವೈರ!"

ಹದಿನೇಳು ಜನರೂ ನಕ್ಕರು.

ಒಂದು ದಿನ ಹಠ ಹಿಡಿದು ಮೊದಲು ತನ್ನದನ್ನೇ ಸರಿಮಾಡಿಕೊಂಡಳು. ಕೌಂಟರಿನ ಮುಂದೆ ಕೆಲಸಕ್ಕೆಂದು ಬಂದ ಜನರ ಸಾಲು ಬೆಳೆಯಿತು, ಕೂಗಾಟವಾಯಿತು. ಮಧ್ಯಾಹ್ನಕ್ಕೆ ಕರ್ತವ್ಯಲೋಪದ ಮೆಮೊ ಕೈಗೆ ಬಂತು.

ಬಾಕಿ ಕೇಳಿ ಅರ್ಜಿ ಕೊಟ್ಟಳು. ಬೇಗ ಬರುತ್ತಿದ್ದೆ ಎನ್ನುವುದಕ್ಕೆ ಇಬ್ಬರ ಸಹಿ ತಾ ಎಂದರು ಮೇಲಿನ ಆಫೀಸಿನವರು. ಪಕ್ಕದ ಮೇಜಿನ ಗುಮಾಸ್ತನ ಮುಂದೆ ಕಾಗದ ಹಿಡಿದಳು.

"ನೋಡಿದೀನಕ್ಕಾ, ಇಲ್ಲ ಅನ್ನಲ್ಲ. ಕಾಗದದ ಮೇಲೆ ಮಾತ್ರ ಬೇಡ. ನನಗೂ ಹೊಟ್ಟೆಪಾಡು."

"ನನಗಿರೋದು ಹೊಟ್ಟೆ ಅಲ್ದೆ ಡಬ್ಬಾನಾ ತಮ್ಮಾ?"

ಅವನು ಪರದೆಯ ಕಡೆ ತಿರುಗಿಕೊಂಡ. ಅವಳು ಉಳಿದ ಹದಿನಾರು ಮೇಜಿಗೂ ಹೋದಳು. ಕಾಗದ ಬೆಳ್ಳಗೇ ಉಳಿಯಿತು.

ಈ ತಿಂಗಳಿಗೆ ಅವಳ ಗುತ್ತಿಗೆ ಮುಗಿಯುತ್ತದೆ. ಮುಂದುವರಿಸದಿರಲು ಕೊಟ್ಟ ಕಾರಣ: ಸತತ ತಡ ಹಾಜರಿ. ನಿನ್ನೆಯೂ ಎಂಟೂವರೆಗೇ ಬಂದಿದ್ದಳು.

ಕಚೇರಿಯಲ್ಲಿ ಕೂತು ಇದನ್ನು ಓದುತ್ತಿರುವವರೇ, ನಿಮ್ಮ ಹಾಜರಿ ಕಡತ ತೆರೆಯಿರಿ. ನಿಮ್ಮ ಕಂಪ್ಯೂಟರು ಸರಿಮಾಡಿ ಕೊಟ್ಟವರ ಹೆಸರಿನ ಮುಂದೆ ಏನಿದೆ ನೋಡಿ. ಅಲ್ಲಿರುವುದು ಸುಳ್ಳಾದರೆ ಕಾಗದ ತೆಗೆದುಕೊಂಡು ಸುಳ್ಳೆಂದು ಬರೆಯಿರಿ, ಕೆಳಗೆ ಸಹಿ ಹಾಕಿ. ಇವತ್ತೇ.